ಮಳೆ ಹೋದ ಮೇಲೆ, ಕಾಫಿ ಕೊಯ್ಲಿನ ಮುಂಚೆ

ಯೂಟ್ಯೂಬಿನಲ್ಲಿ ಕೈತೋಟದ ವಿಡಿಯೊ ನೋಡುವ ಚಟ ಇರುವವರಿಗೆ ಗೊತ್ತಿರುತ್ತದೆ. ನವೆಂಬರ್ ಬಂತು ಅಂದರೆ ಚಳಿ ದೇಶದವರೆಲ್ಲ ತೋಟಕ್ಕೆ ಬೀಗ ಹಾಕುವ ಮಾತು ಶುರು ಮಾಡುತ್ತಾರೆ. ಉಳಿದ ಕ್ಯಾರೆಟ್ ಕಿತ್ತುಬಿಡಿ, ಎಳೆ ಗಿಡಕ್ಕೆ ಹಿಮ ತಾಗದ ಹಾಗೆ ಬಟ್ಟೆ ಸುತ್ತಿ, ಕತ್ತರಿಗೆ ಎಣ್ಣೆ ಹಚ್ಚಿ ಒಳಗಿಡಿ, ಇನ್ನು ಮಾರ್ಚಿಗೆ ಸಿಗೋಣ. ನೋಡುತ್ತಾ ಕೂತರೆ ನಿಜವಾಗಿ ಹೊಟ್ಟೆ ಉರಿಯುತ್ತದೆ. ಕೊಡಗಿನಲ್ಲಿ, ನಮ್ಮ ಸೋಮವಾರಪೇಟೆ ಕಡೆ ಇದೇ ನವೆಂಬರಿನಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತು ಇರುವುದಿಲ್ಲ.

ಜೂನಿನಿಂದ ಸೆಪ್ಟೆಂಬರ್ ಮುಗಿಯುವವರೆಗೆ ನಮ್ಮಲ್ಲಿ ತರಕಾರಿ ಬೆಳೆಯುವುದು ಅಷ್ಟಕ್ಕಷ್ಟೆ. ಕೆಸು, ಸೌತೆ, ಕುಂಬಳ, ಗೆಣಸು, ಇಷ್ಟು ಮಳೆಗೆ ಜಗ್ಗದೆ ನಿಲ್ಲುತ್ತವೆ. ಟೊಮೆಟೊ, ಬೀನ್ಸ್ ಅಂತ ಆಸೆಪಟ್ಟು ಹಾಕಿದರೆ ಕೊಳೆತ ಬುಡ ನೋಡಬೇಕು ಅಷ್ಟೇ. ಶಾಂತಳ್ಳಿ, ಪುಷ್ಪಗಿರಿ ಕಡೆಯವರಿಗೆ ಇದು ಇನ್ನೂ ಜಾಸ್ತಿ. ಶನಿವಾರಸಂತೆ ಕಡೆ ಮಳೆ ಕಡಿಮೆ, ಅವರು ಸ್ವಲ್ಪ ಪುಣ್ಯವಂತರು. ಅಕ್ಟೋಬರ್ ಮಧ್ಯದಲ್ಲಿ ಕಾವೇರಿ ಸಂಕ್ರಮಣ. ಅಲ್ಲಿಂದ ಹೊಸ ಭತ್ತದ ಹಬ್ಬ ಹುತ್ತರಿಯವರೆಗಿನ ಒಂದೂವರೆ ಎರಡು ತಿಂಗಳೇ ನಮ್ಮ ಕೈತೋಟದ ಹೊಸ ವರ್ಷ. ಮಳೆ ಹೋಗಿರುತ್ತದೆ, ಹೋಗಿದೆ ಅಂತ ಬಾಯಿಬಿಟ್ಟು ಹೇಳಲು ಧೈರ್ಯ ಇರುವುದಿಲ್ಲ. ಬೆಳಿಗ್ಗೆ ಮಂಜು, ಮಧ್ಯಾಹ್ನ ಚುರುಕು ಬಿಸಿಲು, ಸಂಜೆಗೆ ಎಲ್ಲೋ ಒಂದು ಗುಡುಗು.

ಈ ಹೊತ್ತಿನ ಕೆಲಸಗಳ ಪಟ್ಟಿ ಉದ್ದ ಇದೆ. ಕಳೆ ಕಡಿಯಬೇಕು, ಗೊಬ್ಬರ ಹಾಕಬೇಕು, ಕಿತ್ತಳೆ ಮರ ನೋಡಬೇಕು, ತರಕಾರಿಗೆ ಏರಿ, ಅಂದರೆ ಎತ್ತರದ ಪಾತಿ ಮಾಡಬೇಕು, ಬೀಜ ಹಾಕಬೇಕು, ಗೆಡ್ಡೆ ಕೀಳಬೇಕು. ಆದರೆ ವರ್ಷ ವರ್ಷ ಮಾಡುತ್ತಾ ಬಂದ ಮೇಲೆ ನನಗೆ ಅನಿಸುವುದು, ಇವೆಲ್ಲದರ ಹಿಂದೆ ಇರುವುದು ಒಂದೇ ಚಿಂತೆ. ನಾಲ್ಕು ತಿಂಗಳು ಸುರಿದ ನೀರು ಈಗ ಮಣ್ಣಿನೊಳಗೆ ಇದೆ. ಮುಂದಿನ ಸರಿಯಾದ ಮಳೆ ಅಂದರೆ ಕಾಫಿ ಹೂವಿನ ಮಳೆ, ಅದು ಫೆಬ್ರವರಿ ಕೊನೆಗೋ ಮಾರ್ಚಿಗೋ ಬರಬೇಕು, ಬಂದರೆ. ಅಲ್ಲಿಯವರೆಗೆ ಈ ನೀರನ್ನು ಮಣ್ಣಿನಲ್ಲೇ ಹಿಡಿದಿಟ್ಟುಕೊಳ್ಳುವುದು ಹೇಗೆ? ಸಾವಯವ ಅಂದರೆ ಏನು ಅಂತ ಯಾರಾದರೂ ಕೇಳಿದರೆ ಗೊಬ್ಬರ, ಔಷಧಿ ಅಂತ ಶುರು ಮಾಡುತ್ತಾರೆ. ನಮ್ಮ ಇಳಿಜಾರಿನಲ್ಲಿ ಅದು ಮೊದಲು ನೀರಿನ ಲೆಕ್ಕ.

ಕಳೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಜಗಳವೂ ಅಲ್ಲಿಂದಲೇ ಶುರು. ಮಳೆ ಮುಗಿಯುವ ಹೊತ್ತಿಗೆ ಮೊಣಕಾಲು ಮುಚ್ಚುವಷ್ಟು ಹುಲ್ಲು ಬೆಳೆದಿರುತ್ತದೆ. ನಮ್ಮ ಅತ್ತೆಗೆ ಅದನ್ನು ನೋಡಿದರೆ ಆಗುವುದಿಲ್ಲ. ಅವರ ಕಾಲದಲ್ಲಿ ಗುದ್ದಲಿ ಹಿಡಿದು ಬೇರುಸಮೇತ ಕೆತ್ತಿ, ಒಂದು ಕಡೆ ರಾಶಿ ಹಾಕಿ, ಒಣಗಿದ ಮೇಲೆ ಬೆಂಕಿ ಕೊಡುತ್ತಿದ್ದರು. "ತೋಟ ಅಂದರೆ ಅಂಗಳದ ಥರ ಇರಬೇಕು ಕಣೇ, ಬಿದ್ದ ಸೂಜಿ ಕಾಣಬೇಕು" ಅಂತಾರೆ. ನಾನು ಹೇಳುವುದು, "ಅತ್ತೆ, ಸೂಜಿ ಕಂಡರೆ ಬಿಸಿಲಿಗೂ ಕಾಣುತ್ತದೆ, ಮಣ್ಣು ಎರಡು ವಾರದಲ್ಲಿ ಬಿರಿಯುತ್ತದೆ ನೋಡಿ." ಅವರು ಒಪ್ಪಿಲ್ಲ. ಒಪ್ಪುವುದೂ ಇಲ್ಲ. ಮನೆ ಮುಂದಿನ ಭಾಗ ಅವರ ಇಷ್ಟದಂತೆ ಚೊಕ್ಕ, ಹಿಂದಿನ ಇಳಿಜಾರು ನನ್ನ ಇಷ್ಟದಂತೆ ಗಲೀಜು. ಹೀಗೆ ಒಂದು ಒಪ್ಪಂದ ಆಗಿದೆ.

ಗಲೀಜು ಅಂದರೆ ಸುಮ್ನೆ ಬಿಟ್ಟಿದ್ದು ಅಂತ ಅಲ್ಲ. ಕಳೆಯನ್ನು ಕತ್ತಿಯಲ್ಲೋ ಮೆಷಿನ್ನಿನಲ್ಲೋ ನೆಲದಿಂದ ಎರಡು ಮೂರು ಇಂಚು ಬಿಟ್ಟು ಕತ್ತರಿಸುವುದು. ಬೇರು ಒಳಗೇ ಇರಲಿ. ಇಳಿಜಾರಿನ ಮಣ್ಣನ್ನು ಹಿಡಿದುಕೊಂಡಿರುವುದು ಅದೇ ಬೇರು, ನವೆಂಬರಿನಲ್ಲಿ ಒಂದು ದೊಡ್ಡ ಮಳೆ ಹಾಯ್ದು ಹೋದರೆ ಆಗ ಗೊತ್ತಾಗುತ್ತದೆ ಅದರ ಬೆಲೆ. ಕತ್ತರಿಸುವ ಹೊತ್ತೂ ಮುಖ್ಯ. ಹೂವು ಬಿಟ್ಟು ಬೀಜ ಕಟ್ಟುವ ಮುಂಚೆ ಕಡಿದರೆ ಅದು ಗೊಬ್ಬರ, ಬೀಜ ಬಲಿತ ಮೇಲೆ ಕಡಿದರೆ ಅದು ಬಿತ್ತನೆ. ಗರಿಕೆ, ತುಂಗೆ ಎರಡಕ್ಕೆ ಮಾತ್ರ ಈ ಮರ್ಯಾದೆ ಇಲ್ಲ. ತರಕಾರಿ ಏರಿಯೊಳಗೆ ಬಂದರೆ ಗೆಡ್ಡೆ ಸಮೇತ ಅಗೆದು ತೆಗೆದು, ಬಂಡೆ ಮೇಲೆ ಒಣಗಿಸುತ್ತೇನೆ. ಗೊಬ್ಬರದ ಗುಂಡಿಗೂ ಹಾಕುವುದಿಲ್ಲ, ಅಲ್ಲಿಂದ ತಿರುಗಿ ಬರುತ್ತವೆ. ಒಂದೆಲಗ ಎಲ್ಲಿದ್ದರೂ ಇರಲಿ ಬಿಡಿ, ತಂಬುಳಿಗೆ ಆಗುತ್ತದೆ.

ಮುಂದಿನದು ತರಗೆಲೆ. ಇದರ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ತಡೆದುಕೊಳ್ಳಿ. ಡಿಸೆಂಬರ್ ಬರುತ್ತಿದ್ದಂತೆ ಕೊಡಗಿನ ಯಾವ ರಸ್ತೆಯಲ್ಲಿ ಹೋದರೂ ಮನೆ ಮುಂದೆ ಎಲೆ ಗುಡಿಸಿ ಬೆಂಕಿ ಹಾಕಿರುವುದು ಕಾಣುತ್ತದೆ. ಸಂಜೆ ಚಳಿ ಕಾಯಿಸಲು ಒಂದಿಷ್ಟು ಸುಟ್ಟರೆ ಬೇಡ ಅನ್ನುವುದಿಲ್ಲ. ಆದರೆ ಚೀಲಗಟ್ಟಲೆ ಎಲೆ ಸುಟ್ಟು, ಮಾರನೇ ದಿನ ಪೇಟೆಗೆ ಹೋಗಿ ದುಡ್ಡು ಕೊಟ್ಟು ಗೊಬ್ಬರದ ಚೀಲ ತರುವುದು ಯಾವ ಲೆಕ್ಕ ಅಂತ ನನಗೆ ಅರ್ಥವಾಗಿಲ್ಲ.

ನಮ್ಮ ತೋಟಗಳಲ್ಲಿ ನೆರಳಿಗೆ ಇರುವ ಮರಗಳೇ ನಮಗೆ ಬೇಕಾದ ಮುಚ್ಚಿಗೆ, ಅಂದರೆ ನೆಲಕ್ಕೆ ಎಲೆಯ ಹೊದಿಕೆ, ಕೊಡುತ್ತವೆ. ಎಲ್ಲ ಎಲೆಯೂ ಒಂದೇ ಅಲ್ಲ. ಹಾಲುವಾಣದ ಎಲೆ ತೆಳು, ಬೇಗ ಕೊಳೆಯುತ್ತದೆ. ಅದು ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿಯುವ ಜಾತಿಯ ಮರ, ಹಾಗಾಗಿ ಎಲೆಯಲ್ಲೂ ಸತ್ವ ಇದೆ. ತರಕಾರಿ ಏರಿಗೆ ಅದೇ ಸರಿ. ಸಿಲ್ವರ್ ಓಕ್ ಎಲೆ ಒರಟು, ವರ್ಷ ಆದರೂ ಹಾಗೇ ಬಿದ್ದಿರುತ್ತದೆ. ಬೈದುಕೊಳ್ಳುವವರೇ ಹೆಚ್ಚು, ಆದರೆ ಕಿತ್ತಳೆ, ಬೆಣ್ಣೆಹಣ್ಣಿನ ಬುಡಕ್ಕೆ ನನಗೆ ಬೇಕಾದದ್ದು ಅದೇ. ಬೇಗ ಕೊಳೆಯದಿದ್ದರೆ ಮಾರ್ಚಿನವರೆಗೆ ನೆರಳು ಕೊಡುತ್ತದೆ ಅಲ್ವಾ. ಭತ್ತದ ಹುಲ್ಲು ಹುತ್ತರಿ ಕಳೆದ ಮೇಲೆ ಸಿಗುತ್ತದೆ, ಹಸು ಇರುವ ಮನೆಯಲ್ಲಿ ತೋಟಕ್ಕೆ ಉಳಿಯುವುದು ಕಡಿಮೆ. ಕಾಫಿ ಸಿಪ್ಪೆ ಪೊಟ್ಯಾಷ್ ಜಾಸ್ತಿ ಇರುವ ವಸ್ತು, ಬಾಳೆಗೆ ಒಳ್ಳೆಯದು. ಕಾಫಿ ಹಣ್ಣು ಸುಲಿಯುವ ಯಂತ್ರದಿಂದ, ಅಂದರೆ ಪಲ್ಪರಿನಿಂದ ಬಂದ ಹಸಿ ಸಿಪ್ಪೆಯನ್ನು ಹಾಗೇ ಸುರಿಯಬಾರದು, ಬಿಸಿಯೇರುತ್ತದೆ. ಸಗಣಿ ಜತೆ ರಾಶಿ ಹಾಕಿ ಕಳಿಯಲು ಬಿಡಬೇಕು.

ಮೂರು ನಾಲ್ಕು ಇಂಚು ದಪ್ಪ ಹರಡಿದರೆ ಸಾಕು. ಬುಡದಿಂದ ಒಂದು ಗೇಣು ಬಿಟ್ಟು ಹರಡಬೇಕು, ಇದು ಮಾತ್ರ ಮರೆಯಬಾರದು. ಕಾಂಡಕ್ಕೆ ಒತ್ತಿಕೊಂಡು ಹಾಕಿದರೆ ತೊಗಟೆ ಸದಾ ಒದ್ದೆ ಇರುತ್ತದೆ, ಕಿತ್ತಳೆಗೆ ಬುಡ ಕೊಳೆ ಬರುವುದು ಅಲ್ಲಿಂದಲೇ. ಒಣಗಿದ ಮೇಲೆ ಗೆದ್ದಲು ಬೇರೆ. ಜನವರಿಯಲ್ಲಿ ಒಂದು ದಿನ, ಸುತ್ತ ನೆಲ ಬಿಸಿಲಿಗೆ ಬಿಳಚಿಕೊಂಡಿರುವ ಹೊತ್ತಿನಲ್ಲಿ, ಹೋದ ವರ್ಷದ ಮುಚ್ಚಿಗೆಯನ್ನು ಕೋಲಿನಿಂದ ಎತ್ತಿ ನೋಡಿ. ಮೇಲಿನ ಎಲೆ ಗರಿಗರಿ, ಚೂರು ಚೂರು. ಅದರ ಕೆಳಗಿನ ಪದರ ಒಂದಕ್ಕೊಂದು ಅಂಟಿಕೊಂಡು ಹಾಳೆ ಹಾಳೆಯಾಗಿ ಏಳುತ್ತದೆ, ನಡುವೆ ಬಿಳಿ ನೂಲಿನಂಥ ಶಿಲೀಂಧ್ರ ಹಬ್ಬಿರುತ್ತದೆ. ಅದರ ಕೆಳಗೆ ಎಲೆಯ ನರ ಮಾತ್ರ ಉಳಿದಿರುತ್ತದೆ, ಆಮೇಲೆ ಕಪ್ಪು ಮಣ್ಣು, ಅದರಲ್ಲಿ ಕಿತ್ತಳೆಯ ಸಣ್ಣ ಬೇರುಗಳು ಮೇಲಕ್ಕೇ ಬಂದು ಮುಚ್ಚಿಗೆಯೊಳಗೆ ಕೈ ಹಾಕಿರುತ್ತವೆ. ಹಿಡಿಯಲ್ಲಿ ಅಮುಕಿದರೆ ಉಂಡೆಯಾಗುವಷ್ಟು ತೇವ. ಕೋಲಿನಿಂದ ಅಂತ ಸುಮ್ನೆ ಹೇಳಿದ್ದಲ್ಲ. ಇದೇ ಎಲೆ ಅಡಿಯಲ್ಲಿ ಹಾವು, ಚೇಳು ಇರುತ್ತವೆ, ಬರಿಗೈ ಹಾಕಬೇಡಿ.

ಮಣ್ಣು ಮೆತ್ತಗಿರುವಾಗಲೇ ನೀರು ನಿಂತು ಇಂಗಲಿ ಅಂತ ಇಳಿಜಾರಿಗೆ ಅಡ್ಡಲಾಗಿ ತೊಟ್ಟಿಲಿನಂಥ ಉದ್ದ ಗುಂಡಿ, ಅಂದರೆ ತೊಟ್ಟಿಲು ಗುಂಡಿ ತೆಗೆಸುವುದು ಕಾಫಿ ತೋಟದಲ್ಲಿ ಹಳೇ ಪದ್ಧತಿ. ತರಕಾರಿ ಜಾಗದ ಮೇಲ್ಭಾಗಕ್ಕೂ ಅದನ್ನೇ ಮಾಡಿಸಿದ್ದೇವೆ. ಕಡಿದ ಕಳೆ, ಬಾಳೆ ದಿಂಡು ಎಲ್ಲ ಅದಕ್ಕೇ ಬೀಳುತ್ತದೆ.

ಈಗ ಕಿತ್ತಳೆ. ಕೊಡಗಿನ ಕಿತ್ತಳೆ ಅಂದರೆ ಹೆಸರು ದೊಡ್ಡದು, 2005-06ರಲ್ಲೇ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. ಆದರೆ ಮರಗಳು ಎಲ್ಲಿವೆ? ಒಂದು ಕಾಲಕ್ಕೆ ಕಾಫಿ ನಡುವೆ ಕಿತ್ತಳೆ ಇಲ್ಲದ ತೋಟವೇ ಇರಲಿಲ್ಲ ಅಂತ ಹಿರಿಯರು ಹೇಳುತ್ತಾರೆ. ಮರಗಳನ್ನು ಮುಗಿಸಿದ್ದು ಮುಖ್ಯವಾಗಿ ಗ್ರೀನಿಂಗ್ ರೋಗ. ಸಿಲ್ಲಿಡ್ ಅನ್ನುವ ಎಳ್ಳಿಗಿಂತ ಸಣ್ಣ ಕೀಟ ಎಳೆ ಚಿಗುರಿನ ರಸ ಹೀರುವಾಗ ಈ ರೋಗದ ಬ್ಯಾಕ್ಟೀರಿಯಾವನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಎಲೆ ಹಳದಿ ಆಗುತ್ತದೆ, ಆದರೆ ಎರಡೂ ಕಡೆ ಒಂದೇ ಸಮ ಅಲ್ಲ, ಮಧ್ಯದ ನರದ ಈಚೆಗೊಂದು ಆಚೆಗೊಂದು ಮಚ್ಚೆ. ಸತ್ವದ ಕೊರತೆ ಆದರೆ ಎರಡೂ ಕಡೆ ಒಂದೇ ಥರ ಇರುತ್ತದೆ, ಈ ವ್ಯತ್ಯಾಸ ನೋಡಿಕೊಳ್ಳಬೇಕು. ಹಣ್ಣು ಸೊಟ್ಟ ಆಗುತ್ತದೆ, ತುದಿ ಹಸಿರಾಗಿಯೇ ಉಳಿಯುತ್ತದೆ. ಇದಕ್ಕೆ ಮದ್ದು ಇಲ್ಲ. ಸಾವಯವದಲ್ಲೂ ಇಲ್ಲ, ರಾಸಾಯನಿಕದಲ್ಲೂ ಇಲ್ಲ. ಯಾರಾದರೂ ಕಷಾಯ ಕೊಟ್ಟು ವಾಸಿ ಮಾಡುತ್ತೇನೆ ಅಂದರೆ ನಂಬಬೇಡಿ. ಮರ ಕಡಿದು ತೆಗೆಯುವುದೇ ಉಳಿದ ಮರಗಳಿಗೆ ಮಾಡುವ ಉಪಕಾರ. ಇನ್ನೊಂದು ವಿಷಯ, ಆ ಕೀಟ ಕರಿಬೇವಿನ ಗಿಡದಲ್ಲೂ ಬದುಕುತ್ತದೆ. ಕರಿಬೇವು ಬೇಕೇ ಬೇಕು, ಆದರೆ ಅಡುಗೆಮನೆ ಹತ್ತಿರ ಇರಲಿ, ಕಿತ್ತಳೆ ಪಕ್ಕ ಬೇಡ. ಹೊಸ ಸಸಿ ತರುವುದಾದರೆ ನಂಬಿಕೆಯ ಕಡೆಯಿಂದ, ರಂಗಪುರ ನಿಂಬೆಯ ಬೇರಿನ ಮೇಲೆ ಕಣ್ಣು ಕಸಿ ಮಾಡಿದ್ದು ತನ್ನಿ. ಚೆಟ್ಟಳ್ಳಿಯಲ್ಲಿ ತೋಟಗಾರಿಕೆ ಸಂಶೋಧನಾ ಕೇಂದ್ರ ಇದೆ, ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯದು. ಕಾವೇರಿ ಅನ್ನುವ ಪ್ಯಾಷನ್ ಫ್ರೂಟ್ ತಳಿ ಬಂದಿದ್ದೂ ಅಲ್ಲಿಂದಲೇ. ಸುಮ್ನೆ ಒಮ್ಮೆ ಹೋಗಿ ಬಂದರೂ ಏನಾದರೂ ಕಲಿಯಲು ಸಿಗುತ್ತದೆ.

ಮಳೆ ನಿಂತ ಮೇಲೆ ಒಂದೊಂದೇ ಮರದ ಹತ್ತಿರ ನಿಂತು ನೋಡುವುದು ನನಗೆ ಈ ಕಾಲದಲ್ಲಿ ಎಲ್ಲಕ್ಕಿಂತ ಇಷ್ಟದ ಕೆಲಸ. ಬುಡದಲ್ಲಿ ಮರದ ಹಿಟ್ಟು ಬಿದ್ದಿದೆಯಾ? ಬಿದ್ದಿದ್ದರೆ ಮೇಲೆ ಎಲ್ಲೋ ಕಾಂಡ ಕೊರಕದ ತೂತು ಇರಲೇಬೇಕು. ತೂತು ಸಿಕ್ಕಿದರೆ ಸೈಕಲ್ ಬ್ರೇಕಿನ ತಂತಿ ಒಳಗೆ ತೂರಿಸಿ ತಿರುವುವುದು, ಹುಳ ತುದಿಗೆ ಸಿಕ್ಕಿದ್ದು ಕೈಗೆ ಗೊತ್ತಾಗುತ್ತದೆ, ಆಮೇಲೆ ಬೇವಿನೆಣ್ಣೆ ಹತ್ತಿ ತುರುಕಿ ಕೆಸರು ಮಣ್ಣಿನಿಂದ ಮುಚ್ಚುವುದು. ಒಣಗಿದ ಕಡ್ಡಿ, ಬಂದಣಿಕೆ, ನೆಟ್ಟಗೆ ಮೇಲಕ್ಕೇರುವ ನೀರುಚಿಗುರು ಇವನ್ನೆಲ್ಲ ತೆಗೆದು, ಕತ್ತರಿಸಿದ ಜಾಗಕ್ಕೆ ಬೋರ್ಡೊ ಮುಲಾಮು ಹಚ್ಚಬೇಕು. ಒಂದು ಕಿಲೊ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೊ ಸುಣ್ಣ, 10 ಲೀಟರ್ ನೀರು. ಸಿಂಪಡಿಸುವ ದ್ರಾವಣಕ್ಕಾದರೆ ಅದೇ ಒಂದೊಂದು ಕಿಲೊಗೆ 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಉಲ್ಟಾ ಅಲ್ಲ. ಉಜ್ಜಿದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಕೆಂಪು ತಾಮ್ರದ ಬಣ್ಣ ಹಿಡಿದರೆ ಇನ್ನೂ ಸುಣ್ಣ ಬೇಕು ಅಂತ.

ಈ ಬೋರ್ಡೊಗೆ ಒಂದು ಕಥೆ ಇದೆ. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೊ ಕಡೆ ದಾರಿಬದಿಯ ದ್ರಾಕ್ಷಿ ಕದಿಯದಿರಲಿ ಅಂತ ಬಳ್ಳಿಗೆ ಸುಣ್ಣ, ತುತ್ತ ಬಳಿಯುತ್ತಿದ್ದರಂತೆ. ಬಳಿದ ಬಳ್ಳಿಗೆ ಬೂಜು ರೋಗ ಬಂದಿಲ್ಲ ಅಂತ ಮಿಲಾರ್ಡೆ ಅನ್ನುವ ಸಸ್ಯ ವಿಜ್ಞಾನಿ ಗಮನಿಸಿದ. ಅಲ್ಲಿಂದ ಹೊರಟದ್ದು ನಮ್ಮ ಮೆಣಸು, ಅಡಿಕೆ, ಕಿತ್ತಳೆಯವರೆಗೆ ಬಂದಿದೆ. ಸಾವಯವ ನಿಯಮಗಳಲ್ಲಿ ಇದಕ್ಕೆ ಮಿತಿ ಹಾಕಿ ಅವಕಾಶ ಕೊಟ್ಟಿದ್ದಾರೆ. ಮಿತಿ ಯಾಕೆ ಅಂದರೆ ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ಸೇರುತ್ತಾ ಹೋಗುತ್ತದೆ. "ಇದು ಸಾವಯವ, ಎಷ್ಟು ಹೊಡೆದರೂ ಪರವಾಗಿಲ್ಲ" ಅನ್ನುವವರು ಜಾಸ್ತಿ ಆಗಿದ್ದಾರೆ. ಪರವಾಗುತ್ತದೆ.

ಕಿತ್ತಳೆಯ ಚಳಿಗಾಲದ ಹಣ್ಣು ಈಗ ಬಲಿಯುತ್ತಾ ಬರುತ್ತದೆ. ಕಾಯಿ ಜಾಸ್ತಿ ಇರುವ ಕೊಂಬೆಗೆ ಕವೆಕೋಲು ಕೊಡಬೇಕು. ಕೀಳುವಾಗ ಎಳೆಯಬಾರದು, ಎಳೆದರೆ ತೊಟ್ಟಿನ ಜಾಗದಲ್ಲಿ ಸಿಪ್ಪೆ ಹರಿದು ಅಲ್ಲಿಂದಲೇ ಕೊಳೆಯುತ್ತದೆ. ಕತ್ತರಿಯಲ್ಲಿ ತೊಟ್ಟು ಸಮೇತ ಕತ್ತರಿಸಬೇಕು. ನಾಗಪುರದ ಕಿತ್ತಳೆಯ ಸಿಪ್ಪೆ ಸಡಿಲ, ನಮ್ಮದರ ಸಿಪ್ಪೆ ತೊಳೆಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಅದಕ್ಕೇ ಜಾಸ್ತಿ ದಿನ ಕೆಡದೆ ಇರುವುದು. ಬಣ್ಣ ಮಾತ್ರ ಹಳದಿ ಹಸಿರು. ಒಳಗೆ ಹಣ್ಣಾಗಿದ್ದರೂ ಹೊರಗೆ ಹಸಿರು ಇರುತ್ತದೆ. ಸಂತೆಗೆ ಬರುವ ಪ್ರವಾಸಿಗಳು ಅದನ್ನು ಕಾಯಿ ಅಂತ ಬಿಟ್ಟು, ಪಕ್ಕದ ಗಾಡಿಯ ಕೇಸರಿ ಬಣ್ಣದ ಹಣ್ಣನ್ನು ಕೊಡಗಿನ ಕಿತ್ತಳೆ ಅಂತ ಖುಷಿಯಿಂದ ಕೊಂಡು ಹೋಗುತ್ತಾರೆ. ನಾವೇನು ಹೇಳಲಿ. ಬೇಲಿ ಬದಿಯ ಕೈಪುಳಿ ಮರಕ್ಕೆ ಈ ಯಾವ ಉಪಚಾರವೂ ಬೇಡ. ಕಹಿ ಹುಳಿ ಹಣ್ಣು, ಪಜ್ಜಿ ಮಾಡುವ ದಿನ ಮಾತ್ರ ಅದರ ನೆನಪು ಬರುವುದು.

ತರಕಾರಿಗೆ ಬರುತ್ತೇನೆ. ಅಕ್ಟೋಬರ್ ಕೊನೆಗೆ ಏರಿ ಎತ್ತರ ಮಾಡಿ, ಮೊದಲು ಹಾಕುವುದು ಬೀನ್ಸ್, ಮೂಲಂಗಿ, ಬಟಾಣಿ, ಅವರೆ. ನವಿಲುಕೋಸು, ಎಲೆಕೋಸು, ಟೊಮೆಟೊ ಇವಕ್ಕೆ ಮಡಿಯಲ್ಲಿ ಸಸಿ. ನಮ್ಮ ಕೆಂಪು ಮಣ್ಣು ಹುಳಿ ಮಣ್ಣು, ಇಷ್ಟು ಮಳೆಗೆ ಸುಣ್ಣದ ಅಂಶ ಎಲ್ಲ ತೊಳೆದು ಹೋಗಿರುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಅವರು ಹೇಳಿದಷ್ಟು ಕೃಷಿ ಸುಣ್ಣ ಕೊಡುವುದಿದ್ದರೆ ಮಳೆ ಬಿಟ್ಟ ತಕ್ಷಣ, ಮಣ್ಣು ಇನ್ನೂ ಹಸಿ ಇರುವಾಗ. ಸಗಣಿ ಗೊಬ್ಬರದ ಜತೆಗೇ ಬೆರೆಸಿ ಹಾಕಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ. ನಡುವೆ ಕೆಲವು ವಾರ ಬಿಡಿ.

ಎಲೆಕೋಸಿಗೆ ಚಿಟ್ಟೆಹುಳ ಬಾರದ ವರ್ಷ ಇಲ್ಲ. ಬೆಂಗಳೂರಿನ ಅದೇ ತೋಟಗಾರಿಕೆ ಸಂಸ್ಥೆಯವರು ಹೇಳಿಕೊಟ್ಟ ಉಪಾಯ ಒಂದಿದೆ, ಕೋಸಿನ ಸಾಲುಗಳ ನಡುವೆ ಸಾಸಿವೆ ಹಾಕುವುದು. ಚಿಟ್ಟೆ ಕೋಸು ಬಿಟ್ಟು ಸಾಸಿವೆಯ ಮೇಲೆ ಮೊಟ್ಟೆ ಇಡುತ್ತದೆ. ದೊಡ್ಡ ಹೊಲದಲ್ಲಿ 25 ಸಾಲು ಕೋಸಿಗೆ ಜೋಡಿ ಸಾಲು ಸಾಸಿವೆ. ನನ್ನಂಥವರಿಗೆ ಏರಿಯ ಸುತ್ತ ಹಾಕಿದರೆ ಸಾಕು. ಟೊಮೆಟೊ ಕಾಯಿ ಕೊರಕಕ್ಕೂ ಹೀಗೇ ಚೆಂಡು ಹೂವು. 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು. ಜನ ತಪ್ಪುವುದು ಸಾಲಿನ ಲೆಕ್ಕದಲ್ಲಿ ಅಲ್ಲ, ವಯಸ್ಸಿನ ಲೆಕ್ಕದಲ್ಲಿ. ಚೆಂಡು ಸಸಿ 40 ದಿನದ್ದು, ಟೊಮೆಟೊ ಸಸಿ 25 ದಿನದ್ದು ಇರಬೇಕು, ಆಗ ಎರಡೂ ಒಟ್ಟಿಗೆ ಹೂ ಬಿಡುತ್ತವೆ. ಅಂಗಡಿಯಿಂದ ಯಾವುದೋ ಚೆಂಡು ಗಿಡ ತಂದು ಆಮೇಲೆ ನೆಟ್ಟರೆ ಫೋಟೋಗೆ ಚೆಂದ, ಅಷ್ಟೇ.

ಜೀವಾಮೃತದ ಬಗ್ಗೆ ಕೇಳುವವರಿಗೆ: ಹೌದು, ಮಾಡುತ್ತೇನೆ. 200 ಲೀಟರ್ ನೀರಿಗೆ 10 ಕಿಲೊ ಸಗಣಿ, ಗಂಜಲ, ಎರಡೆರಡು ಕಿಲೊ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಎಲ್ಲರಿಗೂ ಗೊತ್ತಿರುವುದೇ. ಆದರೆ ಒಣ ನೆಲಕ್ಕೆ, ಮುಚ್ಚಿಗೆ ಇಲ್ಲದ ನೆಲಕ್ಕೆ ಸುರಿದರೆ ಬೆಲ್ಲ ದಂಡ. ಮುಚ್ಚಿಗೆ ಇರುವ ಕಡೆ ಕೊಟ್ಟರೆ ಎಲೆ ಬೇಗ ಕಳಿಯುತ್ತದೆ ಅನ್ನುವುದು ನಾನು ಕಂಡದ್ದು. ಪವಾಡ ಏನೂ ಕಂಡಿಲ್ಲ. ಮೆಣಸಿನ ಬಳ್ಳಿಗೆ ಇದಕ್ಕಿಂತ ನಂಬುವುದು ಟ್ರೈಕೋಡರ್ಮಾ, ಅಂದರೆ ರೋಗದ ಬೂಜನ್ನು ತಡೆಯುವ ಒಳ್ಳೆಯ ಶಿಲೀಂಧ್ರ, ಬೆರೆಸಿದ ಗೊಬ್ಬರವನ್ನು. 90 ಕಿಲೊ ಕೊಟ್ಟಿಗೆ ಗೊಬ್ಬರ, 10 ಕಿಲೊ ಬೇವಿನ ಹಿಂಡಿ, ಒಂದೆರಡು ಕಿಲೊ ಟ್ರೈಕೋಡರ್ಮಾ, ನೆರಳಲ್ಲಿ ಗೋಣಿ ಮುಚ್ಚಿ ಹದಿನೈದು ದಿನ. ತೇವ ಆರದ ಹಾಗೆ ನೋಡಿಕೊಂಡರೆ ರಾಶಿಯ ಮೇಲೆ ಹಸಿರು ಬೂಜು ಕಟ್ಟುತ್ತದೆ.

ಬೀಜ ತೆಗೆದಿಡುವುದೂ ಈಗಲೇ. ಕಾವೇರಿ ಸಂಕ್ರಮಣಕ್ಕೆ ಕುಂಬಳಕಾಯಿ ಸಾರು, ದೋಸೆ ಮಾಡುವ ಮನೆಗಳಲ್ಲಿ ಒಳ್ಳೆಯ ಕುಂಬಳದ ಬೀಜ ಕಸಕ್ಕೆ ಹೋಗುವುದಿಲ್ಲ, ತೊಳೆದು ಬೂದಿ ಹಚ್ಚಿ ಒಣಗಿಸುತ್ತಾರೆ. ಅವರೆ, ಬೀನ್ಸ್, ಟೊಮೆಟೊ ಬೀಜಕ್ಕೆ ಅಷ್ಟು ತಲೆಬಿಸಿ ಇಲ್ಲ, ತಮ್ಮಲ್ಲೇ ಪರಾಗ ಕೂಡುವ ಜಾತಿಗಳು. ಕುಂಬಳ, ಸೌತೆ ಹಾಗಲ್ಲ. ಪಕ್ಕದ ಮನೆಯ ಬಳ್ಳಿ ಯಾವುದು ಅನ್ನುವುದರ ಮೇಲೆ ಮುಂದಿನ ವರ್ಷದ ಕಾಯಿ ಎಂಥದ್ದು ಅಂತ ನಿರ್ಧಾರ ಆಗುತ್ತದೆ.

ಸುವರ್ಣಗೆಡ್ಡೆಯ ದಂಟು ಹಳದಿಯಾಗಿ ಬಿದ್ದ ಮೇಲೆ ಅಗೆಯಬಹುದು, ಅವಸರ ಇಲ್ಲ, ಮಣ್ಣಿನಲ್ಲೇ ಇದ್ದರೂ ಕೆಡುವುದಿಲ್ಲ. ಆದರೆ ಹಂದಿಗೆ ನಮ್ಮ ಹಾಗೆ ಸಮಾಧಾನ ಇಲ್ಲ. ಹುತ್ತರಿಗೆ ಬೇಕಾದ ಗೆಣಸನ್ನು ಮಾತ್ರ ಮುಂಚೆ ತೆಗೆದಿಡುತ್ತೇವೆ. ಬಸವನಹುಳದ ಕಾಟ ಇರುವವರು, ಅದರಲ್ಲೂ ಶನಿವಾರಸಂತೆ ಕಡೆ ಆಫ್ರಿಕಾದ ದೊಡ್ಡ ಹುಳು ನೋಡಿ ಸಾಕಾದವರು, ಇದೇ ಹೊತ್ತಿಗೆ ಕಲ್ಲಿನ ಸಂದಿ, ಮರದ ಬುಡ ಹುಡುಕಬೇಕು. ಬೇಸಿಗೆಗೆ ಅವು ಬಾಯಿ ಮುಚ್ಚಿಕೊಂಡು ಒಳಗೆ ಸೇರಿಬಿಡುತ್ತವೆ, ಒಂದೊಂದು ನೂರಾರು ಮೊಟ್ಟೆ ಇಡುವ ಜಾತಿ. ಪಪಾಯಿ ಎಲೆ, ದಂಟು ರಾತ್ರಿ ಇಟ್ಟು ಬೆಳಿಗ್ಗೆ ಆರಿಸಿ ಉಪ್ಪುನೀರಿಗೆ ಹಾಕುವುದು, ಬೇರೆ ಸುಲಭದ ದಾರಿ ಇಲ್ಲ.

ಇಷ್ಟೆಲ್ಲ ಕೆಲಸ ಮಾಡುವವರು ಯಾರು ಅನ್ನುವ ಪ್ರಶ್ನೆಗೆ ಯಾವ ವಿಡಿಯೊದಲ್ಲೂ ಉತ್ತರ ಇಲ್ಲ. ನವೆಂಬರ್ ಕೊನೆಗೆ ಅರೇಬಿಕಾ ಹಣ್ಣಾಗುತ್ತದೆ. ಆಮೇಲೆ ಲೈನ್‌ಮನೆಯಲ್ಲಿ (ತೋಟದ ಆಳುಗಳ ಸಾಲುಮನೆ) ಇರುವವರು, ಹೊರಗಿನಿಂದ ಬರುವವರು, ಮನೆಯವರು ಎಲ್ಲರೂ ಕಾಫಿಗೇ. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಬೀನ್ಸಿಗೆ ಕೋಲು ಕೊಡಲು ಆಳು ಕೇಳಿದರೆ ನಗುತ್ತಾರೆ. ಹಾಗಾಗಿ ಕೈತೋಟ ಅನ್ನುವುದು ಇಲ್ಲಿ ಹೆಂಗಸರು ಬೆಳಿಗ್ಗೆ ತಿಂಡಿಗೆ ಮುಂಚೆ, ಸಂಜೆ ಹಾಲು ಕರೆಯುವ ಮುಂಚೆ ಕದ್ದು ಮಾಡುವ ಕೆಲಸ. ನಾನು ಕಳೆಯನ್ನು ಕೆತ್ತದೆ ಕತ್ತರಿಸುವುದಕ್ಕೆ, ಎಲ್ಲ ಕಡೆ ಮುಚ್ಚಿಗೆ ಹಾಕುವುದಕ್ಕೆ ಇದೂ ಒಂದು ಕಾರಣ. ಎಲೆ ಮುಚ್ಚಿದ ನೆಲ ಡಿಸೆಂಬರ್, ಜನವರಿ ಎರಡು ತಿಂಗಳು ನನ್ನನ್ನು ಕರೆಯುವುದಿಲ್ಲ.

ಇದೇ ಹೊತ್ತಿಗೆ ಒಂದೇ ಮನೆಯಲ್ಲಿ ಆಕಾಶವನ್ನು ಎರಡು ಥರ ನೋಡುವುದು ಶುರು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂದರೆ ನಮ್ಮೆಜಮಾನರ ಮುಖ ಬಾಡುತ್ತದೆ. ಕಣದಲ್ಲಿ ಹರಡಿದ ಕಾಫಿ, ಗಿಡದಲ್ಲಿ ಬಿರಿಯುವ ಹಣ್ಣು, ಟಾರ್ಪಾಲು, ರಾತ್ರಿ ಎದ್ದು ಮುಚ್ಚುವುದು. ನನಗೋ, ಒಂದು ಮಳೆ ಬಂದರೆ ಅವರೆಗೆ, ಕಿತ್ತಳೆಗೆ ಮೂರು ವಾರದ ನೀರು. ಬಾಯಿಬಿಟ್ಟು ಹೇಳುವ ಹಾಗಿಲ್ಲ, ಮನೆ ನಡೆಯುವುದು ಕಾಫಿಯಿಂದ. ಟಾರ್ಪಾಲು ಎಳೆಯಲು ನಾನೂ ಓಡುತ್ತೇನೆ, "ಅಯ್ಯೋ ಬಂತಲ್ಲಪ್ಪ" ಅಂತ ನಾನೂ ಅನ್ನುತ್ತೇನೆ. ಅತ್ತೆ ಒಬ್ಬರೇ ನನ್ನ ಮುಖ ನೋಡಿ, "ಒಳಗೊಳಗೆ ಖುಷಿನಾ?" ಅಂತ ಕೇಳುವವರು. ಟೊಮೆಟೊಗೆ ಮಾತ್ರ ಆ ಮಳೆ, ಆಮೇಲಿನ ಮಂಜು ಎರಡೂ ಆಗುವುದಿಲ್ಲ. ಅಂಗಮಾರಿ ಬಂದರೆ ಮೂರು ದಿನದಲ್ಲಿ ಗಿಡ ಸುಟ್ಟ ಥರ ಕಪ್ಪಾಗುತ್ತದೆ. ಕೋಲು ಕಟ್ಟಿ, ಕೆಳಗಿನ ಎಲೆ ತೆಗೆದು, ಗಾಳಿ ಆಡುವಷ್ಟು ದೂರ ನೆಟ್ಟಿದ್ದರೆ ಸ್ವಲ್ಪ ಉಳಿಯುತ್ತದೆ.

ಫೆಬ್ರವರಿಗೆ ಕೆರೆಯ ನೀರು ಕಾಫಿ ಹೂವಿನ ಸ್ಪ್ರಿಂಕ್ಲರಿಗೆ ಮೀಸಲು. ತರಕಾರಿಗೆ ಕೊಡದಲ್ಲಿ ಹೊತ್ತು ಹಾಕಬೇಕಾದರೆ ಯಾವುದಕ್ಕೆ ಮೊದಲು ಅನ್ನುವುದನ್ನು ಈಗಲೇ, ನೆಡುವಾಗಲೇ ಯೋಚಿಸಿ ನೆಡುತ್ತೇನೆ. ಹೊಸ ಕಿತ್ತಳೆ ಸಸಿಗಳಿಗೆ ಮೊದಲು, ಅವು ಮನೆ ಹತ್ತಿರ. ಆಮೇಲೆ ಬೀನ್ಸ್, ಸೊಪ್ಪು, ಅವು ಬಾವಿ ಪಕ್ಕ. ಅವರೆ ತನ್ನ ಪಾಡು ತಾನು ನೋಡಿಕೊಳ್ಳುತ್ತದೆ. ಟೊಮೆಟೊ ಕೊನೆಯ ಏರಿ, ನೀರು ಉಳಿದರೆ ಉಂಟು. ಇಲ್ಲದಿದ್ದರೆ ಸೋಮವಾರದ ಸಂತೆಯಲ್ಲಿ ಬಯಲುಸೀಮೆಯಿಂದ ಬಂದ ಟೊಮೆಟೊ ರಾಶಿ ರಾಶಿ ಸಿಗುತ್ತದೆ, ಅದರ ಜತೆ ಪೈಪೋಟಿ ಮಾಡುವ ಆಸೆ ನನಗಂತೂ ಇಲ್ಲ.